ಪಿಕಪ್‌ನ ಮುಂದಿನ ಆಕ್ಸಲ್: ಯಾವುದು ಮೊದಲು ಮುರಿಯಬೇಕು

ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ತಲುಪುವ ಪಿಕಪ್ ಟ್ರಕ್‌ನಲ್ಲಿ ಹಿಂದಿನ ಆಕ್ಸಲ್‌ಗೆ ಎರಡು ಕೆಲಸ: ಭಾರ ಹೊರುವುದು, ಚಕ್ರ ಉರುಳಿಸುವುದು. ಮುಂದಿನ ಆಕ್ಸಲ್ ಇವೆರಡನ್ನೂ ಮಾಡುತ್ತಲೇ ಗಾಡಿಯನ್ನು ಎಡಬಲಕ್ಕೆ ಹೊರಳಿಸಬೇಕು. ಈ ಮೂರನೆಯ ಕೆಲಸವೇ ಅದರ ದೌರ್ಬಲ್ಯದ ಮೂಲ. ಹಿಂದುಗಡೆ ಡಿಫರೆನ್ಷಿಯಲ್‌ನಿಂದ ಚಕ್ರದವರೆಗೆ ಒಂದೇ ಉಕ್ಕಿನ ಶಾಫ್ಟ್ ಇರುತ್ತದೆ. ಮುಂದುಗಡೆ ಅದನ್ನು ಚಕ್ರದ ಹತ್ತಿರ ಎರಡು ತುಂಡಾಗಿಸಿ, ನಡುವೆ ಬಾಗುವ ಕೀಲೊಂದನ್ನು ಕೂರಿಸದೆ ಗತಿಯಿಲ್ಲ. ಆ ಕೀಲಿನ ಸುತ್ತ ಹೊರಳುವ ನಕಲ್, ನಕಲನ್ನು ಹಿಡಿದಿಡುವ ಬಾಲ್ ಜಾಯಿಂಟ್ ಅಥವಾ ಕಿಂಗ್ ಪಿನ್, ಅದನ್ನು ಎಳೆದು ತಳ್ಳುವ ಟೈ ರಾಡ್ ಎಲ್ಲವೂ ಸೇರುತ್ತವೆ. ಭಾಗಗಳು ಹೆಚ್ಚಿದಷ್ಟೂ ಸೋಲುವ ಜಾಗಗಳೂ ಹೆಚ್ಚುತ್ತವೆ.

ಈ ಆಕ್ಸಲನ್ನು ಗಟ್ಟಿ ಮಾಡುವ ವಿದ್ಯೆ ಬೆಳೆದದ್ದು ಮುಖ್ಯವಾಗಿ ಅಮೆರಿಕದಲ್ಲಿ. ಅದಕ್ಕೆ ಕಾರಣ ಸರಳ. ಅಲ್ಲಿ ಹಲವು ದಶಕ ಕಾಲ ಪಿಕಪ್‌ಗಳು ಎರಡೂ ಚಕ್ರ ಒಂದೇ ಗೂಡಿಗೆ ಕೂತ ಗಟ್ಟಿ ಮುಂದಿನ ಆಕ್ಸಲ್‌ನೊಂದಿಗೇ ಕಾರ್ಖಾನೆಯಿಂದ ಹೊರಬಂದವು, ಹಳೆಯ ಗಾಡಿಗಳ ಬಿಡಿಭಾಗ ಗುಜರಿ ಅಂಗಳಗಳಲ್ಲಿ ಧಾರಾಳವಾಗಿ ಸಿಗುತ್ತಿತ್ತು, ಬಂಡೆ ಹತ್ತುವ ಹವ್ಯಾಸವೂ ಅಲ್ಲಿ ಬಲವಾಗಿ ಬೇರೂರಿತ್ತು. ಬಹುತೇಕ ಚರ್ಚೆ ಒಂದೇ ಕಂಪನಿಯ ಆಕ್ಸಲ್‌ಗಳ ಸುತ್ತ ನಡೆಯುತ್ತದೆ. ಕ್ಲಾರೆನ್ಸ್ ಸ್ಪೈಸರ್ 1903ರಲ್ಲಿ ಮೋಟಾರು ಗಾಡಿಗೆ ಒಗ್ಗುವ ಯೂನಿವರ್ಸಲ್ ಜಾಯಿಂಟ್‌ಗೆ ಪೇಟೆಂಟ್ ಪಡೆದರು. 1914ರಲ್ಲಿ ಅವರ ಸಂಸ್ಥೆಗೆ ಬಂಡವಾಳ ತಂದ ಚಾರ್ಲ್ಸ್ ಡೇನಾ ಅವರ ಹೆಸರು 1946ರಲ್ಲಿ ಕಂಪನಿಯ ಹೆಸರಾಯಿತು. ಎರಡನೆಯ ಮಹಾಯುದ್ಧದ ಜೀಪ್‌ಗೆ ಆಕ್ಸಲ್ ಕೊಟ್ಟದ್ದೂ ಇದೇ ಮನೆತನ. ಮಲೆನಾಡಿನ ಕಾಫಿ ತೋಟಗಳಲ್ಲಿ ಇಂದಿಗೂ ಓಡುವ ಹಳೆಯ ಮಹೀಂದ್ರ ಜೀಪ್‌ಗಳ ಮುಂದಿನ ಆಕ್ಸಲ್ ಆ ವಂಶದ್ದೇ.

ಡೇನಾ ಆಕ್ಸಲ್‌ಗಳಲ್ಲಿ ಮೂರು ಅಳತೆ ಮುಖ್ಯ. ಡೇನಾ 30ರ ಕ್ರೌನ್ ಚಕ್ರದ (ಡಿಫರೆನ್ಷಿಯಲ್‌ನ ದೊಡ್ಡ ಹಲ್ಲುಚಕ್ರ; ಅದನ್ನು ತಿರುಗಿಸುವ ಚಿಕ್ಕದು ಪಿನಿಯನ್) ವ್ಯಾಸ ಸುಮಾರು 7.2 ಇಂಚು, ಒಳ ಶಾಫ್ಟ್‌ಗೆ 27 ಸ್ಪ್ಲೈನ್, ಅಂದರೆ ತುದಿಯಲ್ಲಿ ಕೆತ್ತಿದ ಉದ್ದುದ್ದ ಹಲ್ಲು. ಇದು ಜೀಪ್‌ಗಳಲ್ಲಿ ಹೆಚ್ಚು. ಅರ್ಧ ಟನ್ ವರ್ಗದ ಪಿಕಪ್‌ಗಳಲ್ಲಿ ಬಹುಕಾಲ ಆಳಿದ್ದು ಡೇನಾ 44. ಅದರ ಕ್ರೌನ್ 8.5 ಇಂಚು, ಶಾಫ್ಟ್ 30 ಸ್ಪ್ಲೈನ್. ಒಂದು ಟನ್ ವರ್ಗದ ಡೇನಾ 60ರಲ್ಲಿ ಕ್ರೌನ್ 9.75 ಇಂಚಿಗೂ ಒಳ ಶಾಫ್ಟ್ 35 ಸ್ಪ್ಲೈನ್‌ಗೂ ಏರುತ್ತದೆ. ಜಪಾನಿನ ಟೊಯೋಟಾ ಪಿಕಪ್ ಈ ಸಾಲಿಗೆ ಹೊರಗಿನದು. ಅಮೆರಿಕದಲ್ಲಿ 1979ರಿಂದ 1985ರವರೆಗೆ ಮಾರಾಟವಾದ ಅದರ ನಾಲ್ಕು ಚಕ್ರ ಚಾಲನೆಯ ಮಾದರಿಯ ಮುಂದುಗಡೆ 8 ಇಂಚಿನ ಕ್ರೌನ್ ಇರುವ ಗಟ್ಟಿ ಆಕ್ಸಲ್ ಇತ್ತು, ಕೀಲು ಮಾತ್ರ ಬೇರೆ ಜಾತಿಯದು. ಅದರ ಮಾತು ಮುಂದೆ ಬರುತ್ತದೆ.

ಆಕ್ಸಲ್ ಏಕೆ ಮುರಿಯುತ್ತದೆ ಎಂಬುದನ್ನು ಒಂದು ಲೆಕ್ಕದಿಂದ ನೋಡಬಹುದು. ಆ ಟೊಯೋಟಾ ಪಿಕಪ್‌ನ 2.4 ಲೀಟರ್ ಎಂಜಿನ್ ಕೊಡುವ ತಿರುಚು ಬಲ ಸುಮಾರು 190 ನ್ಯೂಟನ್ ಮೀಟರ್. ಮೊದಲ ಗೇರ್ ಅದನ್ನು 3.95 ಪಟ್ಟು, ಟ್ರಾನ್ಸ್‌ಫರ್ ಕೇಸ್‌ನ ಲೋ ಗೇರ್ 2.28 ಪಟ್ಟು, ಕ್ರೌನ್ ಪಿನಿಯನ್ 4.10 ಪಟ್ಟು ಹೆಚ್ಚಿಸುತ್ತವೆ. ಘರ್ಷಣೆಯ ನಷ್ಟ ಬಿಟ್ಟರೆ ಒಟ್ಟು ಸುಮಾರು 7,000 ನ್ಯೂಟನ್ ಮೀಟರ್. ಸಮತಟ್ಟಾದ ನೆಲದಲ್ಲಿ ಇಷ್ಟೂ ಬಲ ಒಂದೇ ಶಾಫ್ಟ್‌ಗೆ ಬೀಳುವುದಿಲ್ಲ, ಏಕೆಂದರೆ ಟೈರು ಅದಕ್ಕಿಂತ ಮೊದಲೇ ಜಾರುತ್ತದೆ. 400 ಕೆ.ಜಿ. ಭಾರ ಹೊತ್ತ ಚಕ್ರವೊಂದಕ್ಕೆ ಒಳ್ಳೆಯ ಹಿಡಿತವಿದ್ದು, ಅದರ ತ್ರಿಜ್ಯ 0.36 ಮೀಟರ್ ಇದ್ದರೆ ಸುಮಾರು 1,400 ನ್ಯೂಟನ್ ಮೀಟರ್‌ಗೇ ಅದು ಜಾರಿ ಶಾಫ್ಟನ್ನು ಕಾಪಾಡುತ್ತದೆ. ಅದೇ ಗಾಡಿಗೆ 35 ಇಂಚಿನ ಟೈರು ಹಾಕಿದರೆ ತ್ರಿಜ್ಯ 0.43 ಮೀಟರ್ ಆಸುಪಾಸಿಗೆ ಏರಿ, ಜಾರುವ ಮೊದಲು ಶಾಫ್ಟ್ ಹೊರಬೇಕಾದ ಬಲ 1,700ರ ಹತ್ತಿರ ಹೋಗುತ್ತದೆ. ಗಾಡಿಯ ಮೂಗಿನ ಭಾರವೆಲ್ಲ ಒಂದೇ ಚಕ್ರದ ಮೇಲೆ ವಾಲಿದರೆ ಅದು ಇಮ್ಮಡಿ. ಟೈರು ಎರಡು ಬಂಡೆಗಳ ನಡುವೆ ಸಿಕ್ಕಿಬಿದ್ದರೆ ಜಾರುವ ದಾರಿಯೇ ಇಲ್ಲ. ಆಗ ಎಂಜಿನ್ ಕೊಟ್ಟಷ್ಟನ್ನೂ ಲೋಹವೇ ತಾಳಿಕೊಳ್ಳಬೇಕು.

ಹೀಗಾಗಿ ಆಕ್ಸಲ್‌ನ ಆಯುಸ್ಸನ್ನು ನಿರ್ಧರಿಸುವುದು ಎಂಜಿನ್‌ಗಿಂತ ಹೆಚ್ಚಾಗಿ ಟೈರು ಮತ್ತು ಡಿಫರೆನ್ಷಿಯಲ್ ಲಾಕ್. ಸಾಮಾನ್ಯ ಡಿಫರೆನ್ಷಿಯಲ್ ಎರಡೂ ಬದಿಗೆ ಸಮ ಬಲ ಹಂಚುತ್ತದೆ. ಒಂದು ಚಕ್ರ ಗಾಳಿಯಲ್ಲಿ ತಿರುಗಿದರೆ ಇನ್ನೊಂದಕ್ಕೂ ಬಲ ಸಿಗದು. ಲಾಕ್ ಹಾಕಿದ ಕೂಡಲೇ ಹಿಡಿತವಿರುವ ಒಂದೇ ಚಕ್ರಕ್ಕೆ ಆಕ್ಸಲ್‌ನ ಪೂರ್ತಿ ಬಲ ಹರಿಯಬಹುದು. ಕೊರಕಲಿನಿಂದ ಗಾಡಿಯನ್ನು ಮೇಲೆತ್ತುವ ಈ ಗುಣವೇ ಶಾಫ್ಟ್‌ನ ಮೇಲಿನ ಒತ್ತಡವನ್ನೂ ದುಪ್ಪಟ್ಟು ಮಾಡುತ್ತದೆ. ಟೈರಿನ ಅಳತೆ ಮತ್ತು ಲಾಕ್‌ನ ಬಗೆ ಗೊತ್ತಾಗದೆ ಯಾವ ಭಾಗ ಕೊಳ್ಳಬೇಕೆಂದು ಹೇಳಲು ಸಾಧ್ಯವಿಲ್ಲ. ಟೈರನ್ನು ಕೊನೆಗೆ ಆರಿಸುವವರು ಆಕ್ಸಲ್ ಕೆಲಸವನ್ನು ಎರಡು ಸಲ ಮಾಡಿಸಬೇಕಾಗುತ್ತದೆ.

ಇನ್ನೊಂದು ತೀರ್ಮಾನವೂ ಮೊದಲೇ ಆಗಬೇಕು. ಒಂದು ಭಾಗವನ್ನು ಗಟ್ಟಿ ಮಾಡಿದರೆ ಮುರಿತ ಇಲ್ಲವಾಗುವುದಿಲ್ಲ, ಮುಂದಿನ ಭಾಗಕ್ಕೆ ದಾಟುತ್ತದೆ. ಶಾಫ್ಟ್ ಬಲಪಡಿಸಿದರೆ ಕೀಲು, ಕೀಲು ಬಲಪಡಿಸಿದರೆ ಹಬ್ ಅಥವಾ ಕ್ರೌನ್ ಪಿನಿಯನ್ ಸೋಲುತ್ತದೆ. ಮನೆಯ ವಿದ್ಯುತ್ ಫಲಕದಲ್ಲಿ ಫ್ಯೂಸ್ ಇರುವ ಹಾಗೆ ಆಕ್ಸಲ್‌ನಲ್ಲೂ ಯಾವುದಾದರೊಂದು ಮೊದಲು ಸೋಲಬೇಕು, ಅದು ಅಗ್ಗದ್ದಾಗಿರಬೇಕು, ದಾರಿಯಲ್ಲೇ ಬದಲಿಸುವಂತಿರಬೇಕು. ಬಲ ಸಾಗಿಸುವ ಭಾಗ ಮುರಿದರೆ ಗಾಡಿ ನಿಲ್ಲುತ್ತದೆ, ಅಷ್ಟೆ. ಹೊರಳಿಸುವ ಭಾಗ ಮುರಿದರೆ ಗಾಡಿ ನಿಲ್ಲದೆ ಎತ್ತಲೋ ಹೋಗುತ್ತದೆ, ಎದುರಿಗೆ ಬರುವವರ ಜೀವಕ್ಕೇ ಸಂಚಕಾರ. ಸ್ಟೀರಿಂಗ್, ನಕಲ್, ಬೇರಿಂಗ್ ಇವು ಎಂದೂ ಆಕ್ಸಲ್‌ನ ಫ್ಯೂಸ್ ಆಗಕೂಡದು. ಖರ್ಚಿನ ಯಾವ ಪಟ್ಟಿಯಲ್ಲೂ ಇವುಗಳಿಗೆ ಮೊದಲ ಸ್ಥಾನ ಸಲ್ಲಬೇಕು.

ಇನ್ನು ಒಂದೊಂದೇ ಭಾಗದ ವಿಚಾರ. ದುಂಡು ಶಾಫ್ಟ್‌ನ ತಿರುಚು ತಾಳಿಕೆ ಅದರ ವ್ಯಾಸದ ಘನಕ್ಕೆ ಅನುಗುಣ. 30 ಸ್ಪ್ಲೈನ್ ಶಾಫ್ಟ್‌ನ ದಪ್ಪ ಸುಮಾರು 1.3 ಇಂಚು, 35 ಸ್ಪ್ಲೈನ್‌ನದು 1.5 ಇಂಚು. ಕಣ್ಣಿಗೆ ಕಾಣುವ ವ್ಯತ್ಯಾಸ ಅಲ್ಪ, ತಾಳಿಕೆಯ ವ್ಯತ್ಯಾಸ ಒಂದೂವರೆ ಪಟ್ಟು. ದಪ್ಪ ಹೆಚ್ಚಿಸಲು ಜಾಗವಿಲ್ಲದ ಕಡೆ ಉಕ್ಕನ್ನೇ ಬದಲಿಸುತ್ತಾರೆ. ಕಾರ್ಖಾನೆಯ ಶಾಫ್ಟ್ ಸಾಮಾನ್ಯವಾಗಿ ಮಧ್ಯಮ ಇಂಗಾಲದ ಉಕ್ಕು, ಮೇಲ್ಪದರಕ್ಕೆ ಮಾತ್ರ ಹದ ಕೊಟ್ಟದ್ದು. ಅದರ ಜಾಗಕ್ಕೆ ಬರುವುದು 4340 ಎಂಬ ಮಿಶ್ರಲೋಹ: ನಿಕಲ್, ಕ್ರೋಮಿಯಂ, ಮಾಲಿಬ್ಡಿನಂ ಬೆರೆತದ್ದು, ಗ್ಯಾರೇಜ್ ಭಾಷೆಯಲ್ಲಿ ಕ್ರೋಮೋಲಿ. ಇದಕ್ಕೆ ಸಿಲಿಕಾನ್ ಮತ್ತು ವೆನೇಡಿಯಂ ಸೇರಿಸಿದ 300ಎಂ ಇನ್ನೂ ಬಲವಾದದ್ದು, ಬೆಲೆಯೂ ಹಾಗೆಯೇ. ಆದರೆ ಲೋಹದ ಹೆಸರು ಅರ್ಧ ಮಾತು ಮಾತ್ರ ಹೇಳುತ್ತದೆ. ಹದ ಹೇಗೆ ಕೊಟ್ಟಿದ್ದಾರೆ, ಸ್ಪ್ಲೈನ್ ಮುಗಿಯುವಲ್ಲಿ ಮೂಲೆಯನ್ನು ನಯವಾಗಿ ದುಂಡಗೆ ಮಾಡಿದ್ದಾರೋ ಚೂಪಾಗಿ ಬಿಟ್ಟಿದ್ದಾರೋ ಎಂಬುದು ಅಷ್ಟೇ ಮುಖ್ಯ. ಬಿರುಕು ಹುಟ್ಟುವುದು ಇಂಥ ಚೂಪು ಮೂಲೆಗಳಲ್ಲೇ.

ಒಳ್ಳೆಯ ಶಾಫ್ಟ್ ಮುರಿಯುವ ಮುನ್ನ ತಿರುಚಿಕೊಂಡು ಸೂಚನೆ ಕೊಡುತ್ತದೆ. ಹೊರತೆಗೆದಾಗ ಸ್ಪ್ಲೈನ್ ಗೆರೆಗಳು ನೇರವಾಗಿರದೆ ಓರೆಯಾಗಿದ್ದರೆ ಆ ಶಾಫ್ಟ್‌ನ ಕಾಲ ಮುಗಿಯಿತು ಎಂದೇ ತಿಳಿಯಬೇಕು. ಡಾಡ್ಜ್ ರಾಮ್ 1500 ಪಿಕಪ್‌ಗಳಿಗೆ 1994ರಿಂದ 2001ರವರೆಗೆ ಬಂದ ಡೇನಾ 44ರಲ್ಲಿ ಇನ್ನೊಂದು ದುರ್ಬಲ ಜಾಗವಿದೆ. ಎರಡು ಚಕ್ರ ಚಾಲನೆಯಲ್ಲಿ ಮುಂದಿನ ಆಕ್ಸಲ್ ಸುಮ್ಮನೆ ತಿರುಗದಿರಲೆಂದು ಬಲಬದಿಯ ಒಳ ಶಾಫ್ಟನ್ನು ಎರಡು ತುಂಡಾಗಿಸಿ, ನಡುವೆ ಜಾರುವ ಕಾಲರ್ ಒಂದನ್ನು ಎಂಜಿನ್‌ನ ವ್ಯಾಕ್ಯೂಮ್ ಬಲದಿಂದ ಕೂಡಿಸಿ ಬಿಡಿಸುವ ಏರ್ಪಾಟು ಅದು. ರಬ್ಬರ್ ನಳಿಗೆ ಸೀಳಿದರೂ ನಾಲ್ಕು ಚಕ್ರ ಚಾಲನೆ ಕೈಕೊಡುತ್ತದೆ. ಇಂಥ ಆಕ್ಸಲ್‌ಗೆ ಒಂದೇ ತುಂಡಿನ ಶಾಫ್ಟ್ ಹಾಕುವುದು ಕಡಿಮೆ ಖರ್ಚಿನಲ್ಲಿ ಹೆಚ್ಚು ಫಲ ಕೊಡುವ ಕೆಲಸ.

ಕೀಲಿನದು ಇಡೀ ವಿಷಯದ ನಡುಭಾಗ. ಅಮೆರಿಕದ ಆಕ್ಸಲ್‌ಗಳಲ್ಲಿ ಇರುವುದು ನಮ್ಮ ಮೆಕ್ಯಾನಿಕ್‌ಗಳು ಯುಜೆ ಕ್ರಾಸ್ ಎನ್ನುವ ಅಡ್ಡಕೀಲು. ಕ್ರಾಸ್‌ನ ನಾಲ್ಕು ಕೈಗಳಲ್ಲಿ ಎರಡು ಒಳ ಶಾಫ್ಟ್‌ನ ಕಿವಿಗಳಲ್ಲಿ, ಎರಡು ಹೊರ ಶಾಫ್ಟ್‌ನ ಕಿವಿಗಳಲ್ಲಿ ಕೂತಿರುತ್ತವೆ. ಚಕ್ರ ನೇರವಿದ್ದಾಗ ಇದು ಬಹಳ ಬಲಿಷ್ಠ. ಹೊರಳಿಸಿದಷ್ಟೂ ಇದರ ಸ್ವಭಾವ ಕೆಡುತ್ತದೆ. 35 ಡಿಗ್ರಿ ಕೋನದಲ್ಲಿ ಒಳ ಶಾಫ್ಟ್ ಒಂದೇ ವೇಗದಲ್ಲಿ ತಿರುಗುತ್ತಿದ್ದರೂ ಹೊರ ಶಾಫ್ಟ್‌ನ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ 0.82 ಪಟ್ಟಿಗೆ ಇಳಿದು 1.22 ಪಟ್ಟಿಗೆ ಏರುತ್ತದೆ. ಬಲವೂ ಅದೇ ಲೆಕ್ಕದಲ್ಲಿ ಏರಿಳಿಯುತ್ತದೆ. ಜೊತೆಗೆ ಕಿವಿಗಳನ್ನು ಹೊರಕ್ಕೆ ಅಗಲಿಸುವ ಅಡ್ಡ ಬಲವೊಂದು ಹುಟ್ಟುತ್ತದೆ. ಸ್ಟೀರಿಂಗ್ ಪೂರ್ತಿ ಎಳೆದು, ಆಕ್ಸಿಲರೇಟರ್ ತುಳಿದ ಕ್ಷಣದಲ್ಲೇ ಹೆಚ್ಚಿನ ಕೀಲುಗಳು ಮುರಿಯುವುದು ಇದರಿಂದ. ಕ್ರಾಸ್‌ನ ಟೋಪಿ ಕಿವಿಯಿಂದ ಹೊರಗೆ ತೆವಳುತ್ತದೆ, ಕಿವಿ ಸೀಳುತ್ತದೆ, ಮುರಿದ ಚೂರು ನಕಲ್‌ಗೆ ಸಿಕ್ಕಿ ಚಕ್ರವನ್ನು ಹಿಡಿದು ನಿಲ್ಲಿಸಲೂಬಹುದು.

ಇದಕ್ಕೆ ಪರಿಹಾರಗಳು ಮೆಟ್ಟಿಲು ಮೆಟ್ಟಿಲಾಗಿ ಇವೆ. ಗ್ರೀಸ್ ಹೋಗಲೆಂದು ನಡುವೆ ರಂಧ್ರ ಕೊರೆದ ಕ್ರಾಸ್‌ಗಿಂತ ರಂಧ್ರವಿಲ್ಲದ ಘನ ಕ್ರಾಸ್ ಗಟ್ಟಿ. ಡೇನಾ 44ಕ್ಕೆ ಸ್ಪೈಸರ್‌ನ 5-760ಎಕ್ಸ್, ಡೇನಾ 60ಕ್ಕೆ 5-806ಎಕ್ಸ್ ಈ ಬಗೆಯವು. ಟೋಪಿಯನ್ನು ಹಿಡಿಯುವ ಅರ್ಧ ಕ್ಲಿಪ್ ಬದಲು ಪೂರ್ತಿ ಸುತ್ತಿನ ಲಾಕ್ ರಿಂಗ್ ಕೂರುವ ಶಾಫ್ಟ್ ಕೊಂಡರೆ ತೆವಳುವ ತೊಂದರೆ ಬಹುಪಾಲು ನಿಲ್ಲುತ್ತದೆ. ಅದಕ್ಕೂ ಮೇಲಿನದು ಸೂಜಿ ಬೇರಿಂಗ್ ತೆಗೆದು ಬುಷ್ ಹಾಕಿದ ಮಿಶ್ರಲೋಹದ ಕ್ರಾಸ್. ಬಂಡೆ ಹತ್ತಲು ಅದು ಸರಿ, ಹೆದ್ದಾರಿ ವೇಗಕ್ಕೆ ಹೇಳಿಸಿದ್ದಲ್ಲ. ನಿತ್ಯ ಓಡುವ ಗಾಡಿಗೆ ಅದನ್ನು ಹಾಕಲೇಬಾರದು. ಎಲ್ಲಕ್ಕಿಂತ ಮೇಲಿನ ಮೆಟ್ಟಿಲು ಯುಜೆ ಕ್ರಾಸನ್ನೇ ಕೈಬಿಟ್ಟು, ಯಾವ ಕೋನದಲ್ಲೂ ವೇಗ ಏರುಪೇರಾಗದ ಸಿವಿ ಜಾಯಿಂಟ್ ಕೂರಿಸುವುದು.

ಟೊಯೋಟಾ ಆಕ್ಸಲ್‌ನಲ್ಲಿ ಮೊದಲಿನಿಂದಲೂ ಇದ್ದದ್ದು ಈ ಬಗೆಯ ಕೀಲೇ. ಫೋರ್ಡ್‌ನ ಎಂಜಿನಿಯರ್ ಆಲ್ಫ್ರೆಡ್ ರ‍್ಜೆಪ್ಪಾ 1920ರ ದಶಕದಲ್ಲಿ ರೂಪಿಸಿದ, ಆರು ಗುಂಡುಗಳು ಬಾಗಿದ ಕಾಲುವೆಗಳಲ್ಲಿ ಓಡುವ ಕೀಲಿನ ವಂಶ ಅದು. ಬ್ರಿಟನ್ನಿನ ಬರ್ಫೀಲ್ಡ್ ಸಂಸ್ಥೆಯ ಹೆಸರಿನಿಂದ ಅದಕ್ಕೆ ಬರ್ಫೀಲ್ಡ್ ಎಂದೇ ಹೆಸರು ಬಿದ್ದಿದೆ. ಅದು ನಯವಾಗಿ ತಿರುಗುತ್ತದೆ, ಕೊಳೆ, ನೀರು ಒಳನುಗ್ಗದಂತೆ ಮುಚ್ಚಿದ ಗೋಳದೊಳಗೆ ಗ್ರೀಸ್‌ನಲ್ಲಿ ಮುಳುಗಿರುತ್ತದೆ. ಮೂಲ ಕೀಲಿನ ಕೊರತೆ ಗಾತ್ರ: ಪೂರ್ತಿ ಹೊರಳಿದಾಗ ಗುಂಡುಗಳ ಪಂಜರವೋ ಹೊರಗಿನ ಗಂಟೆಯ ಅಂಚೋ ಒಡೆಯುತ್ತದೆ. ಮಿಶ್ರಲೋಹದ ಬರ್ಫೀಲ್ಡ್ ಮತ್ತು ಮೂಲದ 27ರ ಬದಲು 30 ಸ್ಪ್ಲೈನ್ ಇರುವ ಶಾಫ್ಟ್ ಬಂದ ಮೇಲೆ ಆ ಚಿಕ್ಕ ಆಕ್ಸಲ್ 35 ಇಂಚಿನ ಟೈರನ್ನೂ ಲಾಕನ್ನೂ ಹೊರುವಷ್ಟು ಸಮರ್ಥವಾಯಿತು. ಗೂಡು, ಕ್ರೌನ್, ಬ್ರೇಕ್ ಯಾವುದನ್ನೂ ಮುಟ್ಟದೆ ಇಷ್ಟು ಲಾಭ ಕೊಟ್ಟ ಬದಲಾವಣೆ ಬೇರೆ ಸಿಗುವುದು ಕಷ್ಟ. ಆದರೆ ಅದೇ ಆಕ್ಸಲ್‌ನಲ್ಲಿ ಸ್ಟೀರಿಂಗ್ ತೋಳನ್ನು ನಕಲ್‌ಗೆ ಬಿಗಿಯುವ ಸ್ಟಡ್‌ಗಳು ಸಡಿಲಗೊಂಡು ತುಂಡಾಗುವ ಪ್ರವೃತ್ತಿಯಿದೆ. ದೊಡ್ಡ ಟೈರಿನ ಗಾಡಿಯಲ್ಲಿ ಬರ್ಫೀಲ್ಡ್‌ಗಿಂತ ಮೊದಲು ಕೈ ಹಾಕಬೇಕಾದದ್ದು ಈ ಸ್ಟಡ್‌ಗಳಿಗೆ.

ಕ್ರೌನ್ ಪಿನಿಯನ್ ವಿಷಯದಲ್ಲಿ ಒಂದು ಸೂಕ್ಷ್ಮವಿದೆ. ಟೈರು ದೊಡ್ಡದಾದಾಗ ಗಾಡಿ ಎಳೆಯುವ ಶಕ್ತಿ ಕುಂದುತ್ತದೆ, ಅದನ್ನು ಮರಳಿ ಪಡೆಯಲು ಹಲ್ಲಿನ ಅನುಪಾತ ಹೆಚ್ಚಿಸಬೇಕು. 31 ಇಂಚಿನ ಟೈರಿಗೆ 4.10 ಇದ್ದ ಗಾಡಿಗೆ 35 ಇಂಚು ಹಾಕಿದರೆ ಸುಮಾರು 4.63 ಬೇಕಾಗುತ್ತದೆ, ಸಿಗುವುದು 4.56 ಅಥವಾ 4.88. ಅನುಪಾತ ಏರಿದಂತೆ ಪಿನಿಯನ್‌ನ ಹಲ್ಲುಗಳು ಕಡಿಮೆಯಾಗಿ ಅದರ ತಲೆ ಸಣ್ಣದಾಗುತ್ತದೆ. ಡೇನಾ 44ರ 3.54 ಜೋಡಿಯ ಪಿನಿಯನ್‌ಗೆ 13 ಹಲ್ಲು, 4.88 ಜೋಡಿಯದಕ್ಕೆ 8. ಹೆಚ್ಚು ಬಲ ಬೇಡುವ ಗಾಡಿಗೇ ಹೀಗೆ ಹೆಚ್ಚು ಸೊರಗಿದ ಪಿನಿಯನ್ ಬರುತ್ತದೆ. ಹಲ್ಲಿನ ದಿಕ್ಕಿನ ಪ್ರಶ್ನೆಯೂ ಇದೆ. ಹಿಂದಿನ ಆಕ್ಸಲ್‌ಗೆಂದು ಕೆತ್ತಿದ ಹಲ್ಲನ್ನೇ ಮುಂದೆ ಹಾಕಿದರೆ, ಗಾಡಿ ಮುಂದಕ್ಕೆ ಹೋಗುವಾಗ ಹಲ್ಲಿನ ದುರ್ಬಲ ಬೆನ್ನುಬದಿಗೆ ಒತ್ತಡ ಬೀಳುತ್ತದೆ. ಪಿನಿಯನ್ ಮೇಲ್ಭಾಗದಲ್ಲಿರುವ, ವಿರುದ್ಧ ದಿಕ್ಕಿನಲ್ಲಿ ಕೆತ್ತಿದ ಜೋಡಿಯಲ್ಲಿ ಬಲಿಷ್ಠ ಮುಖವೇ ಕೆಲಸ ಮಾಡುತ್ತದೆ, ಪ್ರೊಪೆಲ್ಲರ್ ಶಾಫ್ಟ್ ಬಂಡೆಗೆ ತಾಗದಷ್ಟು ಮೇಲೆಯೂ ಇರುತ್ತದೆ. ಫೋರ್ಡ್‌ನ ಮುಂದಿನ ಡೇನಾ 60ಕ್ಕೆ ಬೇಡಿಕೆ ಹೆಚ್ಚಲು ಇದೊಂದು ಕಾರಣ.

ಜೋಡಣೆಯ ನಿಖರತೆಗೆ ಲೋಹದಷ್ಟೇ ತೂಕ. ಕ್ರೌನ್ ಮತ್ತು ಪಿನಿಯನ್ ನಡುವಿನ ಸಡಿಲ ಸಾಮಾನ್ಯವಾಗಿ 0.15ರಿಂದ 0.25 ಮಿ.ಮೀ. ಇರಬೇಕು, ಬೇರಿಂಗ್‌ಗಳ ಬಿಗಿತ ಸರಿಯಿರಬೇಕು, ಬಣ್ಣ ಹಚ್ಚಿ ತಿರುಗಿಸಿದಾಗ ಗುರುತು ಹಲ್ಲಿನ ನಡುವೆ ಬೀಳಬೇಕು. ಇದಕ್ಕೆ ಶಿಮ್ ಇಟ್ಟು ತೆಗೆದು ಮತ್ತೆ ಮತ್ತೆ ನೋಡುವ ತಾಳ್ಮೆ ಬೇಕು. ದುಬಾರಿ ಕ್ರೌನ್ ಪಿನಿಯನನ್ನು ಅವಸರದಲ್ಲಿ ಕೂರಿಸುವುದಕ್ಕಿಂತ ಹಳೆಯದನ್ನೇ ಸರಿಯಾಗಿ ಕೂರಿಸುವುದು ಮೇಲು.

ಹಬ್‌ನಲ್ಲಿ ಎರಡು ಪಂಥ. ಹಳೆಯ ಆಕ್ಸಲ್‌ಗಳಲ್ಲಿ ಸ್ಪಿಂಡಲ್ ಮೇಲೆ ಎರಡು ಓರೆ ರೋಲರ್ ಬೇರಿಂಗ್, ತುದಿಯಲ್ಲಿ ಕೈಯಿಂದ ತಿರುಗಿಸುವ ಲಾಕಿಂಗ್ ಹಬ್. ಆರ್ಥರ್ ವಾರ್ನ್ 1948ರಲ್ಲಿ ಯುದ್ಧದಿಂದ ಮರಳಿದ ಜೀಪ್‌ಗಳಿಗೆಂದು ಇಂಥ ಹಬ್ ಮಾಡಿ ಮಾರಲಾರಂಭಿಸಿದರು. ಹೊಸ ಗಾಡಿಗಳಲ್ಲಿ ಇವೆಲ್ಲ ಒಂದೇ ಮುಚ್ಚಿದ ಬೇರಿಂಗ್ ಆಗಿ ಬಂದವು. ಜೋಡಿಸಲು ಸುಲಭ, ಆದರೆ ಹೊರಕ್ಕೆ ಚಾಚಿದ ಅಗಲ ಟೈರಿನ ಭಾರಕ್ಕೆ ಬೇಗ ಸವೆಯುತ್ತದೆ, ಗ್ರೀಸ್ ತುಂಬಿ ರಿಪೇರಿ ಮಾಡುವಂತಿಲ್ಲ. ರಾಮ್ ಮಾಲೀಕರು ಅದನ್ನು ತೆಗೆದು ಸ್ಪಿಂಡಲ್ ಮತ್ತು ಲಾಕಿಂಗ್ ಹಬ್ ಹಾಕಿಸುವುದು ಇದಕ್ಕಾಗಿ. ಆಕ್ಸಲ್‌ನ ಫ್ಯೂಸ್ ಆಗಲು ಲಾಕಿಂಗ್ ಹಬ್‌ನಷ್ಟು ಯೋಗ್ಯವಾದದ್ದು ಬೇರೆ ಇಲ್ಲ. ಅದು ಹೊರಗೇ ಇದೆ, ಕೆಲವೇ ಬೋಲ್ಟ್ ಬಿಚ್ಚಿ ಬದಲಿಸಬಹುದು, ಮುರಿದರೂ ಚಕ್ರ ಬೇರಿಂಗ್ ಮೇಲೆ ಭದ್ರವಾಗಿರುತ್ತದೆ. ಹಬ್ ಬದಲು ಘನ ಉಕ್ಕಿನ ಫ್ಲೇಂಜ್ ಹಾಕುವವರು ಈ ರಕ್ಷಣೆಯನ್ನು ಕೈಯಾರೆ ಕಳೆದುಕೊಳ್ಳುತ್ತಾರೆ.

ನಕಲನ್ನು ಹಿಡಿಯುವ ಬಾಲ್ ಜಾಯಿಂಟ್ ಸವೆದರೆ ಚಕ್ರ ವಾಲುತ್ತದೆ, ಟೈರಿನ ಒಂದು ಅಂಚು ಸವೆಯುತ್ತದೆ. ಇದರ ಜೊತೆ ಆಕ್ಸಲನ್ನು ಚಾಸಿಗೆ ಅಡ್ಡಲಾಗಿ ಹಿಡಿದಿಡುವ ಟ್ರ್ಯಾಕ್ ಬಾರ್‌ನ ಬುಷ್ ಕೂಡ ಸಡಿಲವಾದರೆ, ರಸ್ತೆಯ ಒಂದು ಗುಂಡಿ ಹಾರಿದ ಕೂಡಲೇ ಇಡೀ ಮುಂಭಾಗ ಬಿಡದೆ ನಡುಗತೊಡಗುತ್ತದೆ; ಗಾಡಿ ನಿಲ್ಲಿಸುವವರೆಗೂ ಆ ನಡುಕ ಅಡಗದು. ಸ್ಟೀರಿಂಗ್ ಡ್ಯಾಂಪರ್ ಹಾಕಿ ಇದನ್ನು ಅಡಗಿಸುವುದು ರೋಗ ಮುಚ್ಚಿಡುವ ಕೆಲಸ. ಹಳೆಯ ಡೇನಾ 60ರಲ್ಲಿ ಬಾಲ್ ಜಾಯಿಂಟ್ ಬದಲು ಕಿಂಗ್ ಪಿನ್ ಇದೆ: ಕೆಳಗೆ ಓರೆ ರೋಲರ್ ಬೇರಿಂಗ್, ಮೇಲೆ ಸ್ಪ್ರಿಂಗ್ ಒತ್ತಿದ ಬುಷ್. ಬುಷ್ ಸವೆದರೆ ಅದೊಂದನ್ನೇ ಬದಲಿಸಬಹುದು. ಗೂಡಿನ ತುದಿಯ ಸಿ ಆಕಾರದ ಕೊಕ್ಕೆಗಳಿಗೆ ಪಟ್ಟಿ ಬೆಸೆದು ಬಲಪಡಿಸುವುದು ಹಾರಿ ಬೀಳುವ ಗಾಡಿಗಳಿಗೆ ಅಗತ್ಯ.

ಗೂಡಿನ ಕೊಳವೆಗಳ ಮೇಲೆ ಸೇತುವೆಯಂಥ ಕಟ್ಟು ಬೆಸೆಯುವ ಪದ್ಧತಿಯೂ ಇದೆ. ಕೊಳವೆ ಬಾಗುವುದನ್ನು ಅದು ತಡೆಯುತ್ತದೆ, ಆದರೆ ಬೆಸುಗೆಯ ಬಿಸಿ ಕೊಳವೆಯನ್ನೇ ಎಳೆದು ಬಾಗಿಸಬಲ್ಲದು. ತುಣುಕು ತುಣುಕಾಗಿ ಬೆಸೆದು, ತಣಿಯಲು ಬಿಟ್ಟು, ಒಳಗೆ ನೇರ ಸರಳು ತೂರಿಸಿ ಅಳೆಯುತ್ತಾ ಹೋಗಬೇಕು. ಡಿಫರೆನ್ಷಿಯಲ್ ಕೂತ ನಡುವಿನ ಗುಂಡು ಎರಕದ ಕಬ್ಬಿಣದ್ದು. ಮೊದಲು ಕಾಯಿಸಿ, ನಿಕಲ್ ಕಡ್ಡಿಯಿಂದ ಬೆಸೆಯದಿದ್ದರೆ ಬಿರುಕಿನ ಭಯವಿದೆ. ಗಾಡಿಯನ್ನು ಎತ್ತರಿಸಿದಾಗ ಹುಟ್ಟುವ ತೊಡಕು ಇನ್ನೊಂದು. ಪ್ರೊಪೆಲ್ಲರ್ ಶಾಫ್ಟ್ ನೇರವಾಗಲೆಂದು ಪಿನಿಯನ್ ಮೂತಿ ಮೇಲೆತ್ತಿದರೆ ನಕಲ್‌ನ ಹಿಂದೊರಗು ಕಡಿಮೆಯಾಗಿ, ಸ್ಟೀರಿಂಗ್ ತಾನಾಗಿ ನೇರಕ್ಕೆ ಮರಳುವ ಗುಣ ಹೋಗುತ್ತದೆ. ಎರಡೂ ಬೇಕಾದರೆ ಸಿ ಕೊಕ್ಕೆಯನ್ನು ಕತ್ತರಿಸಿ ತಿರುಗಿಸಿ ಮತ್ತೆ ಬೆಸೆಯಬೇಕು. ಚಕ್ರವನ್ನೇ ಹಿಡಿದಿಡುವ ಈ ಬೆಸುಗೆಯನ್ನು ಪಳಗಿದ ಕೈಗೇ ಒಪ್ಪಿಸಬೇಕು.

ಸ್ಟೀರಿಂಗ್ ಕೊಂಡಿಗಳಿಗೆ ಒಂದು ಟನ್ ಟ್ರಕ್‌ನ ದಪ್ಪ ಟೈ ರಾಡ್ ಎಂಡ್, ದಪ್ಪ ಗೋಡೆಯ ಕೊಳವೆ ಹಾಕುವುದು ರೂಢಿ. ಸ್ಟೀರಿಂಗ್ ಬಾಕ್ಸ್‌ನಿಂದ ಚಕ್ರದ ಕಡೆಗೆ ಹೋಗುವ ಡ್ರ್ಯಾಗ್ ಲಿಂಕ್ ಮತ್ತು ಟ್ರ್ಯಾಕ್ ಬಾರ್ ಒಂದಕ್ಕೊಂದು ಸಮಾಂತರವಾಗಿದ್ದರೆ ಮಾತ್ರ ಗುಂಡಿಯಲ್ಲಿ ಚಕ್ರ ಇಳಿದಾಗ ಗಾಡಿ ತಾನಾಗಿ ಪಕ್ಕಕ್ಕೆ ಎಳೆಯುವುದಿಲ್ಲ. ಸ್ಟೀರಿಂಗ್ ಬಾಕ್ಸ್ ಕೂತ ಚಾಸಿಯ ಜಾಗದಲ್ಲಿ ಬಿರುಕು ಬಿಡುವುದು ದೊಡ್ಡ ಟೈರಿನ ಗಾಡಿಗಳಲ್ಲಿ ಸಾಮಾನ್ಯ, ಅಲ್ಲಿಗೂ ತಗಡಿನ ಆಸರೆ ಬೇಕು. ಟೈರಿನ ತೂಕ ಏರಿದರೆ ಬ್ರೇಕ್ ಕೂಡ ಏರಬೇಕೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಷ್ಟೆಲ್ಲ ಮಾಡುವುದಕ್ಕಿಂತ ಇಡೀ ಆಕ್ಸಲನ್ನೇ ಬದಲಿಸುವುದು ಲೇಸೇ? 35 ಇಂಚಿನವರೆಗೆ ಒಳ್ಳೆಯ ಶಾಫ್ಟ್ ಮತ್ತು ಕೀಲು ಹಾಕಿದ ಡೇನಾ 44 ಸಾಕು. 37 ಇಂಚು ದಾಟಿದ ಮೇಲೆ, ಅದರಲ್ಲೂ ಭಾರದ ಡೀಸೆಲ್ ಗಾಡಿಗೆ, ಡೇನಾ 60 ತಂದು ಕೂರಿಸುವುದೇ ಒಟ್ಟು ಲೆಕ್ಕದಲ್ಲಿ ಅಗ್ಗ. ಹಳೆಯ ಫೋರ್ಡ್ ಆಕ್ಸಲ್‌ನಲ್ಲಿ ಡಿಫರೆನ್ಷಿಯಲ್ ಎಡಕ್ಕಿದೆ, ಶೆವರ್ಲೆಯದರಲ್ಲಿ ಬಲಕ್ಕೆ. ಟ್ರಾನ್ಸ್‌ಫರ್ ಕೇಸ್ ಯಾವ ಬದಿಗಿದೆಯೋ ಅದಕ್ಕೆ ಹೊಂದಬೇಕು. ಚಕ್ರದ ಎಂಟು ಬೋಲ್ಟ್‌ಗಳ ವೃತ್ತ ಹಳೆಯವುಗಳಲ್ಲಿ 6.5 ಇಂಚು, 1999ರ ನಂತರದ ಫೋರ್ಡ್ ಸೂಪರ್ ಡ್ಯೂಟಿಯಲ್ಲಿ 170 ಮಿ.ಮೀ.; ಹಿಂದಿನ ಆಕ್ಸಲ್ ಬದಲಿಸದಿದ್ದರೆ ಎರಡು ಬಗೆಯ ಸ್ಪೇರ್ ಟೈರು ಹೊರಬೇಕಾದೀತು. ಡೇನಾ 60ರ ತೂಕ ಹೆಚ್ಚು, ಗುಂಡು ಕೆಳಕ್ಕೆ ಇಳಿಬಿದ್ದಿರುತ್ತದೆ. ಚಿಕ್ಕ ಟೈರಿನ ಗಾಡಿಗೆ ಅದನ್ನು ಹಾಕಿದರೆ ನೆಲದ ಅಂತರವೇ ಕಡಿಮೆಯಾಗುತ್ತದೆ.

ಗಟ್ಟಿ ಆಕ್ಸಲ್ ಈಗ ಎಲ್ಲೆಡೆ ಇಲ್ಲ. ಅಮೆರಿಕದ ಟೊಯೋಟಾ ಪಿಕಪ್ 1986ರ ಮಾದರಿಯಿಂದ, ಶೆವರ್ಲೆ 1988ರಿಂದ, ರಾಮ್ 1500 2002ರಿಂದ ಮುಂದುಗಡೆ ಸ್ವತಂತ್ರ ಸಸ್ಪೆನ್ಷನ್‌ಗೆ ಬದಲಾದವು. ರಾಮ್ 2500, 3500 ಮತ್ತು ಫೋರ್ಡ್ ಸೂಪರ್ ಡ್ಯೂಟಿ ಇನ್ನೂ ಗಟ್ಟಿ ಆಕ್ಸಲನ್ನು ಉಳಿಸಿಕೊಂಡಿವೆ. 2022ರಲ್ಲಿ ಭಾರತಕ್ಕೆ ಬಂದು ಬಿಡದಿಯಲ್ಲಿ ಜೋಡಣೆಯಾಗುವ ಟೊಯೋಟಾ ಹೈಲಕ್ಸ್‌ಗೂ, ಇಸುಜು ವಿ-ಕ್ರಾಸ್‌ಗೂ ಇರುವುದು ಸ್ವತಂತ್ರ ಸಸ್ಪೆನ್ಷನ್ನೇ. ಇವುಗಳಲ್ಲಿ ಮೊದಲು ಸೋಲುವುದು ಸಿವಿ ಜಾಯಿಂಟ್ ಮತ್ತು ಟೈ ರಾಡ್, ಅದರಲ್ಲೂ ಗಾಡಿಯನ್ನು ಎತ್ತರಿಸಿ ಕೀಲಿನ ಕೋನ ಹೆಚ್ಚಿಸಿದಾಗ. ಡಿಫರೆನ್ಷಿಯಲನ್ನು ಸ್ವಲ್ಪ ಕೆಳಗಿಳಿಸಿ ಕೋನ ತಗ್ಗಿಸುವುದು, ಎತ್ತರವನ್ನು ಎರಡು ಇಂಚಿನೊಳಗೆ ಇಡುವುದು ಇವುಗಳಿಗೆ ಹೊಂದುವ ದಾರಿ.

ಭಾರತದ ರಸ್ತೆಯಲ್ಲಿ ಓಡುವ ಗಾಡಿಗೆ ಕಾನೂನಿನ ಮಿತಿಯೂ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ತಯಾರಕರು ಮೂಲತಃ ಕೊಟ್ಟ ವಿವರಗಳಿಗೆ ಭಿನ್ನವಾಗುವಂತೆ ವಾಹನ ಬದಲಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಇದನ್ನೇ ಎತ್ತಿಹಿಡಿಯಿತು. ಸವೆದ ಬಾಲ್ ಜಾಯಿಂಟ್, ಬೇರಿಂಗ್, ಟೈ ರಾಡ್ ಎಂಡ್‌ಗಳನ್ನು ಅದೇ ಅಳತೆಯ ಉತ್ತಮ ಭಾಗಗಳಿಂದ ಬದಲಿಸುವುದು ದುರಸ್ತಿ. ಬೇರೆ ಗಾಡಿಯ ಆಕ್ಸಲ್ ಕೂರಿಸುವುದು, ಚಾಸಿ ಕತ್ತರಿಸುವುದು, ಮಿತಿ ಮೀರಿದ ಟೈರು ಹಾಕುವುದು ನೋಂದಣಿಗೂ ವಿಮೆಗೂ ತೊಡಕು ತರುವ ಬದಲಾವಣೆ. ಅಂಥ ಗಾಡಿ ಸಾರ್ವಜನಿಕ ರಸ್ತೆಯಿಂದ ದೂರ, ಖಾಸಗಿ ನೆಲದ ಸ್ಪರ್ಧೆ ಮತ್ತು ತೋಟದ ಕೆಲಸಕ್ಕಷ್ಟೇ ಸಲ್ಲುತ್ತದೆ.